ಮಡಕೆಯೊಳಗಿನ ಕಡ್ಡಿಹುಳುಗಳು

ನಾಟ್ಯ ಕಲಿಸುವ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೆಜ್ಜೆ ತಪ್ಪಿದಾಗೆಲ್ಲ ತಾಳದ ಕೋಲಿನಿಂದ ಮಗಳ ಕಾಲಿಗೆ ಹೊಡೆಯುತ್ತೇನೆ. ಸಂಜೆ ಅಳುತ್ತಾಳೆ. ಬೆಳಗ್ಗೆ ಗೆಜ್ಜೆ ಕಟ್ಟಿಕೊಂಡು, ಏನೂ ಆಗದವಳಂತೆ ನಗುತ್ತಾ ಬಂದು ನಿಲ್ಲುತ್ತಾಳೆ. ಮಾಯುವ ಗಾಯ ಮಾಡಿದರೆ ಅದೂ ತಪ್ಪೇ?"

ಗುರು ಹೇಳಿದರು:

ಒಬ್ಬ ಬೇಟೆಗಾರನಿದ್ದ. ಅವನ ಬಳಿ ಪಳಗಿಸಿದ ಗೌಜಲಹಕ್ಕಿಯೊಂದಿತ್ತು. ಪಂಜರದೊಳಗಿಂದ ಅದು ಕೂಗಿದರೆ ಕಾಡಿನ ಹಕ್ಕಿಗಳು ಬಂದು ಬಲೆಗೆ ಬೀಳುತ್ತಿದ್ದವು. ಆದರೆ ಮಿಡುಕುವ ತುತ್ತು ಸಿಗದೆ ಅದು ಕೂಗುತ್ತಿರಲಿಲ್ಲ. ಅದಕ್ಕೆಂದೇ ಅವನು ಮಡಕೆಯಲ್ಲಿ, ಒಣಕಡ್ಡಿಯಂತೆ ಕಾಣುವ ಕಡ್ಡಿಹುಳುಗಳ ಮರಿಗಳನ್ನು ಸಾಕಿದ.

ಒಮ್ಮೆ ಮುಚ್ಚಳಕ್ಕೆ ಸಿಕ್ಕಿ ಒಂದರ ಕಾಲು ಕಳಚಿತು. ಹುಳು ಪೊರೆ ಬಿಟ್ಟಾಗ ಅಲ್ಲಿ ಹೊಸದೊಂದು ಕಾಲು ಮೂಡಿತ್ತು. ಇನ್ನು ಹುಳುವನ್ನು ಕೊಲ್ಲುವುದೇಕೆ? ಅಂದಿನಿಂದ ಕಾಲುಗಳನ್ನಷ್ಟೇ ಕಿತ್ತು, ಮಿಡುಕುತ್ತಿರುವಾಗಲೇ ಹಕ್ಕಿಗೆ ಕೊಟ್ಟ. ತಾನು ದಯಾವಂತನೆಂದೂ ತಿಳಿದ.

ಹುಳುಗಳ ಮೇವಿಗೆ ಮಡಕೆಯ ಬಾಯಿಂದ ಸೊಪ್ಪು ಇಳಿಬಿಟ್ಟು ಕಟ್ಟುತ್ತಾ ಹೆಂಡತಿ ಹೇಳಿದಳು: "ನಿಮ್ಮ ಕೈ ಕಂಡರೆ ಸಾಕು, ಎಲ್ಲ ಸೊಪ್ಪಿನ ಮರೆ ಸೇರುತ್ತವೆ."

"ಸೇರಲಿ ಬಿಡೇ. ಕಿತ್ತದ್ದೆಲ್ಲ ಮತ್ತೆ ಬರುತ್ತಲ್ಲ, ನಿನ್ನಪ್ಪನ ಮನೆ ಗಂಟೇನು ಹೋಯಿತು?"

"ಬರುವ ಕಾಲು ಸಲಸಲಕ್ಕೂ ಸಣ್ಣದಾಗುತ್ತಿದೆ. ನೋಡಿದ್ದೀರಾ?"

"ಹಕ್ಕಿಯೇನೂ ದೂರು ಹೇಳಿಲ್ಲ," ಎಂದ.

ಹುಳುಗಳು ಇನ್ನೊಮ್ಮೆ ಪೊರೆ ಬಿಟ್ಟು, ರೆಕ್ಕೆ ಮೂಡಿ ದೊಡ್ಡವಾದವು. ಅದೇ ಕಡೆಯ ಪೊರೆ. ಅವುಗಳ ಮೈಗೆ ಅದು ಗೊತ್ತಿತ್ತು, ಬೇಟೆಗಾರನಿಗೆ ಗೊತ್ತಿರಲಿಲ್ಲ. ಎಂದಿನಂತೆ ಕಿತ್ತ. ಕಾದ. ಕಾಲು ಬರಲಿಲ್ಲ. ಕಾಯುತ್ತಲೇ ಉಳಿದವನ್ನೂ ಕಿತ್ತ. ಹುಳುಗಳು ಹತ್ತಲಾರದೆ ಮಡಕೆಯ ತಳದಲ್ಲಿ, ಸೊಪ್ಪಿನ ಕೆಳಗೇ, ಹಸಿದು ಬಿದ್ದವು. ಹಕ್ಕಿ ಕೂಗು ನಿಲ್ಲಿಸಿತು.

ಆಗ ಅವನು ಮುಚ್ಚಳ ತೆಗೆದು, ಮಡಕೆಯನ್ನು ಅಂಗಳದಲ್ಲಿ ಬಗ್ಗಿಸಿ, "ರೆಕ್ಕೆ ಬಂದಿದೆಯಲ್ಲ, ಹಾರಿಹೋಗಿ," ಎಂದ.

ಒಂದೂ ಹಾರಲಿಲ್ಲ. ಮತ್ತೆ ಮತ್ತೆ ಕಾಲು ಬೆಳೆಸುವುದರಲ್ಲೇ ಮೈಯ ಸತ್ವ ತೀರಿ, ರೆಕ್ಕೆಗಳು ಗಿಡ್ಡವಾಗಿಯೇ ಉಳಿದಿದ್ದವು. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಬಂದವು.

ಶಿಷ್ಯ ಅವಸರದಿಂದ ಹೇಳಿದ: "ಪಾಪ, ಯಾವುದು ಕಡೆಯ ಪೊರೆ ಎಂದು ಅವನಿಗಾದರೂ ಹೇಗೆ ತಿಳಿಯಬೇಕು, ಗುರುಗಳೇ?"

ಗುರು ಕೇಳಿದರು: "ನಿನ್ನ ಮಗಳಿಗೆ ಈಗ ಎಷ್ಟು ವರ್ಷ ತುಂಬಿತು?"