ಫಾನ್ ಅಜ್ಜಿಗೆ ಒಂದು ಹೊತ್ತಿನ ಊಟ

"ಅಜ್ಜಾರೇ, ಬಾವಿ ಓಣಿ ಯಾವ ಕಡೆ ಬರ್ತದೆ?"

ಹೀಗಂತ ಅಚ್ಚ ದಾವಣಗೆರೆ ಕನ್ನಡದಲ್ಲಿ ಕೇಳಿದವನು ನನ್ನ ಮಗ ಕರಿಬಸಪ್ಪ. ಕೇಳಿದ್ದು ಚೀನಾ ದೇಶದ ಶಿಯಾನ್ ಪಟ್ಟಣದಲ್ಲಿ, ಹಳೇ ಕೋಟೆಗೋಡೆಯ ಬುಡದಲ್ಲಿ ನಿಂತಿದ್ದ ಒಬ್ಬ ಮುದುಕನನ್ನ. ನಾವು ದಾರಿ ತಪ್ಪಿ ಆಗಲೇ ಒಂದು ಗಂಟೆ ಆಗಿತ್ತು. ನೋಯುವ ನನ್ನ ಮಂಡಿಗೆ ಒಂದು ಬೆಂಚು ಸಿಕ್ಕಿತ್ತು. ಸೊಸೆ ದಾಕ್ಷಾಯಣಿಯ ಮೊಬೈಲು ಚೀನೀ ಮಾತನ್ನ ಕನ್ನಡ ಮಾಡುತ್ತಿತ್ತೇ ಹೊರತು ದಾರಿ ತೋರಿಸುತ್ತಿರಲಿಲ್ಲ. ಅದಕ್ಕೇ ಮಗನ ಕೈಗೆ ವಿಳಾಸದ ಚೀಟಿ ಕೊಟ್ಟು ಕಳಿಸಿದ್ದೆ.

ಮಗನ ವಿಚಾರ ಹೇಳಿಬಿಡುತ್ತೇನೆ. ವಯಸ್ಸು ಮೂವತ್ತೊಂದು. ಕೆಟ್ಟವನಲ್ಲ, ಸೋಮಾರಿಯಲ್ಲ, ಹೇಳಿದ ಮಾತು ಮೀರುವವನೂ ಅಲ್ಲ. ಮೀರದೇ ಇರುವುದೇ ಕಷ್ಟ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಾನೆ. ಇಪ್ಪತ್ತೆರಡು ದೇಶ ಸುತ್ತಿದ ನನಗೆ ಇಂಥವನು ಇನ್ನೊಬ್ಬ ಸಿಕ್ಕಿಲ್ಲ.

ದೇಶ ಸುತ್ತಿದ್ದು ನೋಡುವುದಕ್ಕಲ್ಲ, ಬೇಯಿಸುವುದಕ್ಕೆ. ಪ್ರವಾಸದ ಕಂಪನಿಯಲ್ಲಿ ಅಡುಗೆಯವಳಾಗಿದ್ದೆ. ಹದಿನೆಂಟು ವರ್ಷದ ಹಿಂದೆ ಇದೇ ಊರಲ್ಲಿ ಜ್ವರ ಬಂದು ಬಿದ್ದೆ. ನನ್ನ ತಂಡ ಮುಂದಿನ ಊರಿಗೆ ಹೋಯಿತು. ಬಾವಿ ಓಣಿಯ ಫಾನ್ ಅಜ್ಜಿ, ಗುರುತಿಲ್ಲ ಪರಿಚಯವಿಲ್ಲ, ನನ್ನನ್ನ ಮನೆಗೆ ಕರಕೊಂಡು ಹೋಗಿ ನಾಲ್ಕು ದಿನ ನವಣೆ ಗಂಜಿ ಕುಡಿಸಿದಳು. ಸಾವಿರಾರು ಜನಕ್ಕೆ ಬಡಿಸಿದ ನನಗೆ ಕೂರಿಸಿ ಬಡಿಸಿದವಳು ಅವಳೊಬ್ಬಳೇ. ದುಡ್ಡು ಮುಟ್ಟಲಿಲ್ಲ. "ಒಂದಿನ ಬಂದು ನನ್ನ ಕೈಯಾರೆ ಅಡುಗೆ ಮಾಡಿ ಹಾಕ್ತೀನಿ" ಅಂತ ಹೇಳಿ ಬಂದಿದ್ದೆ. ಆ ಊಟದ ಋಣ ಹಾಗೇ ಉಳಿದಿತ್ತು.

ಈಗ ಮಗ ಸೊಸೆಗೆ ಊರು ತೋರಿಸುವ ನೆಪದಲ್ಲಿ, ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ಬಂದಿದ್ದೆ. ಬರುವ ಸುದ್ದಿ ಮೊದಲೇ ಕಾಗದ ಹಾಕಿಸಿ ತಿಳಿಸಿದ್ದೆ. ಅವತ್ತು ಬೆಳಿಗ್ಗೆ ಅಜ್ಜಿಯ ಮನೆಯಿಂದ ನಾವಿಳಿದಿದ್ದ ಹೋಟೆಲಿಗೆ ಫೋನು ಬಂತು: ಅಜ್ಜಿ ಮೂರು ಗಂಟೆಯ ರೈಲಿಗೆ ಮಗನ ಊರಿಗೆ ಹೋಗಿಬಿಡುತ್ತಾಳೆ, ಮತ್ತೆ ಬರುವುದಿಲ್ಲ. ವಯಸ್ಸು ಎಂಬತ್ತಾರು. ಅವತ್ತು ತಪ್ಪಿದರೆ ತಪ್ಪಿತು.

ಸರಿ, ಕರಿಬಸಪ್ಪನಿಗೆ ಹೇಳಿ ಕಳಿಸಿದ್ದೆ: "ಚೀಟಿ ತೋರಿಸು. ಅವರು ಕೈ ತೋರಿಸಿದ ಕಡೆ ಹೋಗು. ಅತ್ತಿತ್ತ ನೋಡಬೇಡ."

ಆ ಮುದುಕ ಅಲ್ಲಿನವರು ಮಾಡುವ ನಿಧಾನದ ಕಸರತ್ತಿನಲ್ಲಿದ್ದ. ಚೀಟಿ ನೋಡಲೇ ಇಲ್ಲ. ಅವನ ಬಲಗೈ ಮೆಲ್ಲಗೆ ಪೂರ್ವಕ್ಕೆ ಹೋಯಿತು. ನನ್ನ ಮಗನೂ ಪೂರ್ವಕ್ಕೆ ಹೋದ. ಕೈ ಪಶ್ಚಿಮಕ್ಕೆ ಬಂತು, ಇವನೂ ಪಶ್ಚಿಮಕ್ಕೆ ಬಂದ. ಕೈ ಮೇಲಕ್ಕೆ ಹೋಯಿತು, ಇವನು ಕೋಟೆಯ ಮೆಟ್ಟಿಲು ಹತ್ತಿದ. ಕೈ ಕೆಳಕ್ಕೆ ಬಂತು, ಇಳಿದ. ಅರ್ಧ ಗಂಟೆ ಹತ್ತಿದ, ಇಳಿದ. ಮುದುಕನಿಗೆ ಒಳ್ಳೇ ಶಿಷ್ಯ ಸಿಕ್ಕಿದ ಖುಷಿ.

"ಏನೋ ಇದು?" ಅಂತ ನಾನೇ ಕುಂಟಿಕೊಂಡು ಹೋದೆ.

"ತಡಿಯವ್ವ. ಅಜ್ಜ ಇನ್ನೂ ಪೂರ್ತಿ ಹೇಳಿಲ್ಲ."

"ನಿನ್ನ ತಲೆ. ಕೈ ನೋಡಬೇಡ ಇನ್ನು. ಎದುರಿಗೆ ನಿಂತು ಮರ್ಯಾದೆಯಾಗಿ ಕೈ ಮುಗಿದು ಬಾಯಿಬಿಟ್ಟು ಕೇಳು. ಉತ್ತರ ಬರೋ ತನಕ ಜಾಗ ಬಿಟ್ಟು ಕದಲಬೇಡ."

"ಹೂಂ ಅವ್ವ."

ಮುಂದಿನ ಬೀದಿಗೆ ಬಂದೆವು. ನಾನೂ ಸೊಸೆಯೂ ಒಂದು ಬಾಟಲಿ ನೀರು ತಗೊಂಡು ತಿರುಗಿ ನೋಡುತ್ತೇವೆ, ಇವನು ಅಂಗಡಿಯೊಂದರ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಾನೆ. ಎದುರಿಗೆ ಆಳೆತ್ತರದ ಮಣ್ಣಿನ ಸೈನಿಕ. ಈ ಊರ ಹೊರಗೆ ನೆಲದಡಿ ಎರಡು ಸಾವಿರ ವರ್ಷದಿಂದ ಸಾಲಾಗಿ ನಿಂತಿರುವ ಮಣ್ಣಿನ ಸೈನ್ಯವನ್ನ ಹಿಂದಿನ ದಿನ ನೋಡಿ ಬಂದಿದ್ದೆವು. ಇದು ಅದರದೇ ನಕಲು, ಗಿರಾಕಿ ಕರೆಯಲು ನಿಲ್ಲಿಸಿದ್ದು. ಇವನ ಭಕ್ತಿ ನೋಡಿ ಹಿಂದೆ ಹನ್ನೆರಡು ಜನ ಪ್ರವಾಸಿಗಳು ಸಾಲು ನಿಂತುಬಿಟ್ಟಿದ್ದರು. ಇಬ್ಬರು ಚಪ್ಪಲಿಯನ್ನೂ ಬಿಟ್ಟಿದ್ದರು.

"ಅತ್ತೆ, ನಿಮ್ಮ ಮಗ ಇಲ್ಲೊಂದು ಗುಡಿ ಮಾಡಿದರು" ಅಂದಳು ದಾಕ್ಷಾಯಣಿ.

"ಮಣ್ಣಿನ ಗೊಂಬೇನ ದಾರಿ ಕೇಳ್ತೀಯೇನೋ?"

"ನಿನ್ನೆ ನೋಡಿದ ಮುಖ ಅವ್ವ. ಪರಿಚಯದವನು ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ."

"ಬರೋದೂ ಇಲ್ಲ. ಉಸಿರಾಡೋ ಮನುಷ್ಯರ ಹತ್ತಿರ ಹೋಗಪ್ಪಾ. ಊರಿನವರ ಜೊತೆ ಸೇರು. ಅವರು ಹೋದ ಕಡೆ ಹೋಗು, ಅವರು ಮಾಡಿದ ಹಾಗೆ ಮಾಡು. ದಾರಿ ತಾನಾಗೇ ಸಿಗ್ತದೆ."

"ಹೂಂ ಅವ್ವ."

ನಗಾರಿ ಗೋಪುರದ ಹತ್ತಿರ ಊರಿನ ಹುಡುಗಿಯರ ಒಂದು ಗುಂಪು ಹೊರಟಿತ್ತು. ಇವನು ಗುಂಪಿನಲ್ಲಿ ಸೇರಿದ. ಅವರು ಒಂದು ಅಂಗಡಿ ಹೊಕ್ಕರು, ಇವನೂ ಹೊಕ್ಕ. ಅರ್ಧ ಗಂಟೆಯಾದ ಮೇಲೆ ಹುಡುಗಿಯರು ಹೊರಗೆ ಬಂದರು, ಹಳೇ ಕಾಲದ ರಾಜಕುಮಾರಿಯರ ವೇಷದಲ್ಲಿ. ಅಲ್ಲಿ ಎಲ್ಲರೂ ಹಾಗೆ ಬಾಡಿಗೆ ವೇಷ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಎಂಟನೇ ರಾಜಕುಮಾರಿಗೆ ಮೀಸೆ ಇತ್ತು. ಗುಲಾಬಿ ರೇಷ್ಮೆ, ನೆಲ ಗುಡಿಸುವ ತೋಳು, ತಲೆ ಮೇಲೆ ಚಿನ್ನದ ಬಣ್ಣದ ಹೂವು, ಹಣೆಯಲ್ಲಿ ಕೆಂಪು ಚುಕ್ಕೆ.

"ನನ್ನ ಮದುವೇಲಿ ನನಗೂ ಇಷ್ಟು ಅಲಂಕಾರ ಆಗಿರಲಿಲ್ಲ" ಅಂದಳು ದಾಕ್ಷಾಯಣಿ. ಹನ್ನೊಂದು ಫೋಟೋ ತೆಗೆದಳು.

ನಾನು ಗಡಿಯಾರ ನೋಡಿದೆ. ಗಂಟೆ ಹನ್ನೆರಡೂವರೆ. ಅಲ್ಲೇ ಗೋಪುರದ ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ಮುಖ ನೋಡಿ ಒಬ್ಬಳು ರಾಜಕುಮಾರಿಗೆ ಮರುಕ ಬಂತೋ ಏನೋ, ಮಗನ ಕೈಯಿಂದ ಚೀಟಿ ತಗೊಂಡು ಓದಿ, ಗೋಪುರದ ಹಿಂದಿನ ಓಣಿಗೆ ಕರಕೊಂಡು ಹೋಗಿ ಬಾಗಿಲು ತಟ್ಟಿಯೇಬಿಟ್ಟಳು. ಬಾವಿ ಓಣಿ ನಮ್ಮ ಬೆನ್ನ ಹಿಂದೆಯೇ ಇತ್ತು. ಮಗ ಓಡಿಹೋಗಿ ವೇಷ ಕೊಟ್ಟು ಬಂದ.

ಹೊಸಿಲ ಹತ್ತಿರ ಅವನ ಕಿವಿ ಹಿಡಿದೆ. "ಇಲ್ಲಿ ಯಾರು ಮಾಡಿದ ಹಾಗೂ ಮಾಡಬೇಡ. ಸುಮ್ಮನೆ ಕೂತುಕೋ. ಅಜ್ಜಿ ಬಟ್ಟಲಿಗೆ ಏನು ಹಾಕಿದರೂ ಒಂದು ಚೂರೂ ಬಿಡದೆ ಖಾಲಿ ಮಾಡು. ಬಿಟ್ಟೆಯೋ, ನನ್ನ ಮರ್ಯಾದೆ ಹೋಗ್ತದೆ."

"ಹೂಂ ಅವ್ವ."

ಫಾನ್ ಅಜ್ಜಿ ನನ್ನ ಕೆನ್ನೆ ಹಿಡಿದು ನೋಡಿದಳು, ನಕ್ಕಳು, ಅತ್ತಳು. ಗಂಟುಮೂಟೆ ಕಟ್ಟಿ ಆಗಿತ್ತು. ನಾನು ಹಿಟ್ಟಿನ ಚೀಲ ತೆಗೆದು ಒಲೆಯ ಕಡೆ ಹೆಜ್ಜೆ ಇಟ್ಟೆ. ಅಜ್ಜಿ ಅಡ್ಡ ನಿಂತು ಗದರಿದಳು. ಆ ಗದರಿಕೆಯನ್ನ ದಾಕ್ಷಾಯಣಿಯ ಮೊಬೈಲು ವಾರ್ತೆ ಓದುವವರ ದನಿಯಲ್ಲಿ ಹೇಳಿತು: "ನನ್ನ ಮನೆಯಲ್ಲಿ ಅತಿಥಿ ಒಲೆ ಮುಟ್ಟಬೇಕಾದರೆ ನಾನು ಸತ್ತಿರಬೇಕು."

ಮೂರು ಸಲ ಕೇಳಿದೆ. ಮೂರು ಸಲವೂ ಅದೇ ವಾರ್ತೆ. ಕೊನೆಗೆ ನನ್ನನ್ನ ಕುರ್ಚಿಗೆ ಒತ್ತಿ ಕೂರಿಸಿ, ನನಗಾಗಿ ಮಾಂಸ ಸೋಕಿಸದೆ ಮಾಡಿದ್ದ ಉದ್ದನೆಯ ನೂಡಲ್ಸ್ ಬಡಿಸಿದಳು. ಋಣ ತೀರಿಸಲು ಬಂದವಳ ಮೇಲೆ ಇನ್ನೊಂದು ಬಟ್ಟಲು ಋಣ ಏರಿತು.

ಕರಿಬಸಪ್ಪ ಬಟ್ಟಲು ಖಾಲಿ ಮಾಡಿದ. ಆಗ ನನಗೆ ನೆನಪಾಯಿತು, ಅಲ್ಲಿ ಬಟ್ಟಲು ಖಾಲಿಯಾದರೆ ಹೊಟ್ಟೆ ಇನ್ನೂ ತುಂಬಿಲ್ಲ ಅಂತ. ಸಾಕಾದವರು ಸ್ವಲ್ಪ ಬಿಡಬೇಕು. ಅಜ್ಜಿ ಮತ್ತೆ ಹಾಕಿದಳು. ಇವನು ಮತ್ತೆ ಖಾಲಿ ಮಾಡಿದ. ಅಜ್ಜಿ ಹಾಕಿದಳು, ಇವನು ಖಾಲಿ ಮಾಡಿದ. ಸಾಕು ಅನ್ನೋ ಹಾಗೆ ನಾನು ಕಣ್ಣು ಬಿಟ್ಟೆ, ಇವನು ನೋಡಲಿಲ್ಲ. ಐದಾಯಿತು, ಏಳಾಯಿತು. ಪಾತ್ರೆ ಬರಿದಾಯಿತು. ಅಜ್ಜಿ ರೈಲಿಗೆಂದು ಕಟ್ಟಿದ್ದ ಬುತ್ತಿ ಬಿಚ್ಚಿ ಹಬೆಯಲ್ಲಿ ಬೇಯಿಸಿದ ರೊಟ್ಟಿ ಹಾಕಿದಳು. ಅದೂ ಹೋಯಿತು. ಉಪ್ಪಿನಕಾಯಿ, ಕಡಲೆಬೀಜ, ಒಣಹಣ್ಣು, ಎಲ್ಲ ಹೋಯಿತು. ಮಗ ಬೆಲ್ಟು ಬಿಚ್ಚಿ, ಬೆವರೊರೆಸಿಕೊಂಡು ನನ್ನ ಕಡೆ ವಾಲಿದ.

"ಅವ್ವ, ನಿನ್ನ ಮರ್ಯಾದೆ ಇನ್ನೂ ಎಷ್ಟು ಉಳಿದಿದೆ?"

ಅಜ್ಜಿ ಸೌಟು ಹಿಡಿದು ನಿಂತಳು. ಮನೆ ಖಾಲಿ ಮಾಡುತ್ತಿದ್ದವಳು, ಡಬ್ಬಿಗಳಲ್ಲಿ ಒಂದು ಹಿಡಿ ಹಿಟ್ಟೂ ಇಲ್ಲ. ಅಡುಗೆ ಮಾಡಿದವಳು ಕಡೆಗೆ ಉಣ್ಣುವುದು ಅಲ್ಲೂ ಉಂಟು, ತಾನು ಬೆಳಿಗ್ಗೆಯಿಂದ ತಿಂದಿರಲಿಲ್ಲ. ಡಬ್ಬಿ ನೋಡಿದಳು, ನನ್ನ ಚೀಲ ನೋಡಿದಳು. ಸೌಟನ್ನ ನನ್ನ ಕೈಗೆ ಕೊಟ್ಟು ನನ್ನ ಕುರ್ಚಿಯಲ್ಲಿ ಕೂತಳು.

ಗಂಟೆ ಒಂದೂ ಮುಕ್ಕಾಲು. ನೀರು ಕುದಿಸಿದೆ, ಹಿಟ್ಟು ನಾದಿದೆ, ಅವಳ ಕಬ್ಬಿಣದ ಬಾಣಲೆಯನ್ನೇ ಬೋರಲು ಹಾಕಿ ಅದರ ಬೆನ್ನಿಗೆ ರೊಟ್ಟಿ ಬಡಿದು ಹಾಕಿದೆ. ಚಟ್ನಿಪುಡಿಗೆ ಎಣ್ಣೆ ಕಲಸಿದೆ. ಅಜ್ಜಿ ಒಂದು ರೊಟ್ಟಿ ತಿಂದಳು. ಎರಡನೆಯದನ್ನ ನಿಧಾನವಾಗಿ ತಿಂದು, ತಟ್ಟೆಯ ಅಂಚಿನಲ್ಲಿ ಒಂದು ಚೂರು ಬಿಟ್ಟು, ಹೊಟ್ಟೆ ಸವರಿಕೊಂಡು ನನ್ನ ಕಡೆ ತಲೆ ಆಡಿಸಿದಳು. ಸಾಕಾಯಿತು ಅಂತ.

ಕರಿಬಸಪ್ಪನ ಕಣ್ಣು ಆ ಚೂರಿನ ಮೇಲೆ ಬಿತ್ತು. "ಅವ್ವನ ಮರ್ಯಾದೆ" ಅಂತ ನರಳಿ, ಕೈ ಚಾಚಿ, ಅದನ್ನ ಬಾಯಿಗೆ ಹಾಕಿಕೊಂಡ.

ಅಜ್ಜಿಯ ತಟ್ಟೆ ಖಾಲಿ.

ಅವಳು ತಟ್ಟೆ ನೋಡಿದಳು, ನಾನು ತಟ್ಟೆ ನೋಡಿದೆ. ಅವಳ ಊರಿನ ಪದ್ಧತಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮೂರನೇ ರೊಟ್ಟಿ ಹಾಕಿದೆ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತಾ ಅಜ್ಜಿ ಅದನ್ನೂ ಮುರಿದಳು. ಹದಿನೆಂಟು ವರ್ಷದ ಋಣ ಅಲ್ಲಿಗೆ ತೀರಿತು.