ಅಳಿಸಬಾರದ ಸಾಲು

ಸೈದ್ಧಾಂತಿಕ ಭೌತವಿಜ್ಞಾನಿಯೊಬ್ಬರ ಕೋಣೆಗೆ ಬಂದ ಹೊಸ ಸೀಮೆಸುಣ್ಣದ ಕಣ್ಣು ಕರಿಹಲಗೆಯ ಮೂಲೆಯ ಮೇಲೆ ಬಿತ್ತು. ಅಲ್ಲಿದ್ದ ಒಂದೇ ಸಾಲಿನ ಸಮೀಕರಣಕ್ಕೆ ಚೌಕ ಹಾಕಿ, ‘ಅಳಿಸಬೇಡಿ’ ಎಂದು ಬರೆದಿತ್ತು.

“ನಾನು ಬಂದಿರುವುದೂ ಅಂಥದ್ದೇ ಒಂದನ್ನು ಬರೆಯಲಿಕ್ಕೆ. ಎಷ್ಟು ದಿನ ಹಿಡಿದೀತು?” ಎಂದು ಅದು ಹಳೆಯ ಡಸ್ಟರನ್ನು ಕೇಳಿತು.

ಡಸ್ಟರಿಗೆ ಈ ಪ್ರಶ್ನೆ ಹೊಸದಲ್ಲ. “ಹನ್ನೊಂದು ವರ್ಷದಲ್ಲಿ ನಾನು ಒರೆಸದೆ ಬಿಟ್ಟದ್ದು ಅದೊಂದೇ. ಬರೆದದ್ದು ಉಳಿಯಲೇಬೇಕೆಂದಿದ್ದರೆ ಆಫೀಸಿನ ಸೂಚನಾ ಫಲಕಕ್ಕೆ ಹೋಗು. ಅಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದರೂ ವರ್ಷಗಟ್ಟಲೆ ಇರುತ್ತದೆ.”

ಸೀಮೆಸುಣ್ಣ ಹೋಗಲಿಲ್ಲ. ಅಂದು ಬೆಳಗಿನಿಂದ ಸಂಜೆಯವರೆಗೆ ಹಲಗೆ ತುಂಬ ಬರೆದು ಅರ್ಧಕ್ಕರ್ಧ ಸವೆಯಿತು. ಕೊನೆಗೆ ವಿಜ್ಞಾನಿ ಮೂರನೆಯ ಸಾಲಿನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋದದ್ದನ್ನು ಕಂಡರು. ಡಸ್ಟರನ್ನು ಎತ್ತಿಕೊಂಡು ಅಂದು ಬರೆದಷ್ಟನ್ನೂ ಒರೆಸಿ ಮನೆಗೆ ನಡೆದರು.

“ಈಗ ಹೇಳು, ಆಫೀಸಿನ ದಾರಿ ತೋರಿಸಲೇ?” ಎಂದಿತು ಡಸ್ಟರು.

ಸೀಮೆಸುಣ್ಣ ಖಾಲಿ ಹಲಗೆಯನ್ನೇ ನೋಡುತ್ತಿತ್ತು. “ಸ್ವಲ್ಪ ಸುಮ್ಮನಿರು. ಆ ಮೈನಸ್ ಸೇರಿಸಿದರೆ ಏಳನೆಯ ಸಾಲು ಏನಾಗುತ್ತದೆಂದು ನೋಡುತ್ತಿದ್ದೇನೆ.”

ಡಸ್ಟರು ಒಂದಿಷ್ಟು ಸರಿದು ಅದಕ್ಕೆ ಜಾಗ ಮಾಡಿಕೊಟ್ಟಿತು.