ಬೊಗಳಿದ ನಾಯಿ ಕಾಲು ಮೂಸುವುದು ಯಾಕೆ?

ಗುಡ್ಡದ ಮೇಲೆ ನೆಲೆಸಿ, ನಾಯಿಯನ್ನೂ ತನ್ನ ಪರಿವಾರಕ್ಕೆ ಸೇರಿಸಿಕೊಂಡ ಮೈಲಾರಲಿಂಗಸ್ವಾಮಿಗೆ ಮೊದಲು ಕೈಮುಗಿಯೋಣ. ಅರಿಶಿನ ಭಂಡಾರದ ಒಡೆಯನೇ, ಹೇಳುವ ನಾಲಿಗೆ ತೊಡರದಿರಲಿ, ಕೇಳುವ ಕಿವಿಗೆ ಬೇಸರ ಬಾರದಿರಲಿ. ಕಥೆಯಲ್ಲಿ ತಪ್ಪಿದ್ದರೆ ಅದು ನನ್ನದು, ಒಳ್ಳೆಯದಿದ್ದರೆ ನಿನ್ನದು.

ಮಕ್ಕಳೇ, ಇದು ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು. ಆಗ ಗುಡ್ಡಗಳ ಹಸಿ ಪೂರ್ತಿ ಆರಿರಲಿಲ್ಲ. ವರದಾ ನದಿ ಯಾವ ಕಡೆ ಹೋಗಲಿ ಎಂದು ದಾರಿಯ ಕಲ್ಲುಗಳನ್ನು ಕೇಳಿಕೊಂಡು ಹರಿಯುತ್ತಿದ್ದಳು. ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ಸ್ವಾಮಿ ಪ್ರಾಣಿಗಳನ್ನೆಲ್ಲ ಕರೆದು ಕೆಲಸ ಹಂಚಿದ. ಆಕಳಿಗೆ ಹಾಲು ಕೊಡುವ ಕೆಲಸ. ಎತ್ತಿಗೆ ನೇಗಿಲು. ಕೋಳಿಗೆ ಊರು ಎಬ್ಬಿಸುವ ಕೆಲಸ. ಬೆಕ್ಕಿಗೆ ಇಲಿ ಹಿಡಿಯುವ ಕೆಲಸ. ಹಂಚಿ ಮುಗಿದ ಮೇಲೆ ನಾಯಿ ಬಂತು.

"ಎಲ್ಲಾ ಹಂಚಿ ಆತಲ್ಲೋ ತಮ್ಮಾ! ಇಷ್ಟೊತ್ತು ಎಲ್ಲಿದ್ದಿ?" ಎಂದ ಸ್ವಾಮಿ.

"ದಾರಿ ಮೂಸಿಕೋತ ಬಂದೆ, ಎಪ್ಪಾ. ಭಾಳ ಚಲೋ ದಾರಿ."

ಸ್ವಾಮಿ ನಕ್ಕ. "ಹೋಗು, ಮನುಷ್ಯರ ಹತ್ತಿರ ಇರು. ನಿನ್ನ ಕೆಲಸ ನಿನ್ನನ್ನು ಹುಡುಕಿಕೊಂಡು ಬರ್ತೈತಿ."

ನಾಯಿ ಗುಡ್ಡ ಇಳಿದು ಬಂತು. ಕೆಳಗೆ ಕಪ್ಪು ಮಣ್ಣಿನ ಬಯಲು. ಬಯಲಿನಲ್ಲಿ ಏಳು ಮನೆಗಳ ಒಂದು ಊರು. ಮೊದಲನೆಯ ಮನೆ ನೀಲವ್ವನದು. ಅವಳ ಗಂಡ ಬರಮಪ್ಪ. ನೀಲವ್ವ ರೊಟ್ಟಿ ಬಡಿದು ಮುಗಿಸಿ, ಕೊನೆಯ ರೊಟ್ಟಿಯನ್ನು ನಾಯಿಗೆ ಹಾಕಿದಳು. ನಾಯಿ ಅಲ್ಲೇ ಉಳಿಯಿತು.

ಆಗ ನಾಯಿಗೆ ಬೊಗಳಲು ಬರುತ್ತಿರಲಿಲ್ಲ. ಎಲ್ಲರಂತೆ ಮೆಲ್ಲಗೆ ಮಾತಾಡುತ್ತಿತ್ತು. ರೊಟ್ಟಿ ತಿನ್ನುವುದು, ನೆರಳಿನಲ್ಲಿ ಮಲಗುವುದು, ಇಷ್ಟೇ ಅದರ ದಿನ.

ಬೇಲಿಯ ಆಚೆಯಿಂದ ನರಿ ಅಣಕಿಸುತ್ತಿತ್ತು. "ಏನಪಾ, ಇವತ್ತೇನು ದುಡಿದಿ?"

"ನೆರಳು ಕಾದೆ."

"ಹೌದ? ನೆರಳು ಎಲ್ಲೂ ಓಡಿ ಹೋಗಲಿಲ್ಲಲ್ಲ?"

ನಾಯಿ ತಲೆ ತಗ್ಗಿಸಿ ಮುಂಗಾಲಿನ ಮೇಲೆ ಮೂತಿ ಇಟ್ಟುಕೊಳ್ಳುತ್ತಿತ್ತು. ದುಡಿಯದೆ ತಿನ್ನುವುದು ಅದಕ್ಕೂ ಕಷ್ಟವಾಗುತ್ತಿತ್ತು.

ಈಗ ಆ ಊರಿನ ಎರಡು ವಿಷಯ ಹೇಳಬೇಕು.

ಮೊದಲನೆಯದು, ನೀಲವ್ವನ ಅಂಗಳದಲ್ಲಿದ್ದ ಹಗೇವು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಬಾವಿಯಂತೆ ಆಳ, ಬಾಯಿ ಮಾತ್ರ ಸಣ್ಣದು. ಏಳೂ ಮನೆಯವರು ಬಿತ್ತನೆಯ ಜೋಳವನ್ನು ಅದರಲ್ಲೇ ತುಂಬುತ್ತಿದ್ದರು. ಮೇಲೆ ಕಲ್ಲು ಮುಚ್ಚಿ, ಗುಡ್ಡದಿಂದ ತಂದ ಕೆಮ್ಮಣ್ಣಿಗೆ ಬೂದಿ ಕಲಸಿ ನೀಲವ್ವ ತಾನೇ ಮೆತ್ತುತ್ತಿದ್ದಳು. ಒಳಗಿನ ಗೋಡೆಗೂ ಅದೇ ಮಣ್ಣು. ಸುತ್ತಲೂ ಕಪ್ಪು ಮಣ್ಣು ಇರುವಾಗ, ಕೆಂಪು ಎಂದರೆ ಆ ಹಗೇವು ಒಂದೇ.

ಎರಡನೆಯದು, ಸ್ವಾಮಿ ಮನುಷ್ಯರಿಗೆ ಹೇಳಿದ್ದ ಒಂದು ಮಾತು. "ನಿಮ್ಮ ಹೊಸ್ತಿಲಿಗೆ ಬಂದವರು ನಾನೇ ಎಂದು ತಿಳಿಯಿರಿ. ಬಂದವರು ನೀರು ಕುಡಿಯುವ ಮುಂಚೆ ಅವರ ಹೆಸರು ಕೇಳಬೇಡಿ, ಊರು ಕೇಳಬೇಡಿ, ಯಾಕೆ ಬಂದಿರಿ ಎಂದು ಕೇಳಬೇಡಿ." ಏಳೂ ಮನೆಯವರು ಈ ಮಾತನ್ನು ಕಣ್ಣಿಗೊತ್ತಿಕೊಂಡು ನಡೆಸುತ್ತಿದ್ದರು. ನಡೆಸುತ್ತ ನಡೆಸುತ್ತ ನೀರು ಕುಡಿದ ಮೇಲೂ ಕೇಳುವುದನ್ನು ಮರೆತೇಬಿಟ್ಟಿದ್ದರು. ಯಾರೇ ಬಂದರೂ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ, ಕೂರಲು ಕಂಬಳಿ. ಅಷ್ಟೇ.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಬಿತ್ತನೆಗೆ ಇನ್ನು ಹದಿನೈದು ದಿನ. ಒಂದು ಮಧ್ಯಾಹ್ನ ಒಬ್ಬ ಮನುಷ್ಯ ಬಂದ. ನೀರು ಕುಡಿದ, ಬೆಲ್ಲ ತಿಂದ, ಕಂಬಳಿಯ ಮೇಲೆ ಕುಳಿತ.

"ಎಂಥಾ ಬೆಲ್ಲ ಯವ್ವಾ! ಇಂಥಾ ಊರಾಗ ಜೋಳಾನೂ ಚಲೋ ಇರಬೇಕು. ಬೀಜ ಎಲ್ಲಿ ಇಟ್ಟಿರ್ತೀರಿ?"

ಬರಮಪ್ಪನಿಗೆ ಹಿಗ್ಗು. ಎದ್ದು ಹೋಗಿ ಹಗೇವು ತೋರಿಸಿದ. "ಕಲ್ಲು ತೆಗೆದ ಕೂಡ್ಲೇ ಇಳೀಬಾರದು ನೋಡ್ರಿ. ಒಳಗಿನ ಗಾಳಿ ಕೆಟ್ಟದ್ದು, ಉಸಿರು ಕಟ್ಟತೈತಿ. ಒಂದು ತಾಸು ಬಿಟ್ಟು ಇಳೀಬೇಕು" ಎಂದು ಅದನ್ನೂ ಹೇಳಿಕೊಟ್ಟ. ಅತಿಥಿಗೆ ಎಲ್ಲಾದರೂ ತೊಂದರೆಯಾದರೆ ಪಾಪ ಎಂದು ಅವನ ಯೋಚನೆ!

ಮೂರು ದಿನ ಕಳೆಯಿತು. ಊರಿನವರೆಲ್ಲ ಹೊಲ ಹದ ಮಾಡಲು ಹೋದರು. ನೀಲವ್ವನ ರೊಟ್ಟಿಗಂಟಿನ ಹಿಂದೆ ನಾಯಿಯೂ ಹೋಯಿತು. ಸಂಜೆ ಬಂದು ನೋಡಿದರೆ ಹಗೇವಿನ ಕಲ್ಲು ಸರಿದಿದೆ. ಅರ್ಧ ಕಾಳು ಇಲ್ಲ.

ಏಳೂ ಮನೆಯವರು ಅಂಗಳದಲ್ಲಿ ಸೇರಿದರು. ಕಳ್ಳತನ ಎಂಬುದನ್ನು ಅವರು ಅದುವರೆಗೆ ಕಂಡಿರಲಿಲ್ಲ. ಯಾರನ್ನು ಅನುಮಾನಿಸಬೇಕೆಂದೂ ತಿಳಿಯಲಿಲ್ಲ. ಕೊನೆಗೆ ಗಾಳಿಯನ್ನು ಕರೆದು ಕೇಳಿದರು.

ಗಾಳಿಗೆ ಸಿಟ್ಟು ಬಂತು. "ತೂರೋ ಮುಂದ ಹೊಟ್ಟು ಒಯ್ತೀನಿ. ನಿಮ್ಮ ಕಾಳು ಎಂದಾದ್ರೂ ಮುಟ್ಟೀನೇನು? ಅದೂ ಕಲ್ಲು ಸರಿಸಿ ಒಳಗ ಇಳಿದು? ಇವತ್ತು ನಾನು ಇಲ್ಲಿ ಇರಲೇ ಇಲ್ಲ. ಮೋಡ ತರಾಕ ಸಮುದ್ರಕ್ಕ ಹೋಗಿದ್ದೆ. ಇದು ಕೈ ಇದ್ದವರ ಕೆಲಸ."

ಹಾಗೆಂದು ಗಾಳಿ ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

ಕೈ ಇದ್ದವರ ಕೆಲಸ! ಉಳಿದ ಅರ್ಧವೂ ಹೋದರೆ ಬಿತ್ತನೆ ಇಲ್ಲ. ಬಿತ್ತನೆ ಇಲ್ಲದಿದ್ದರೆ ಏಳು ಮನೆಯ ಒಲೆಯೂ ಉರಿಯುವುದಿಲ್ಲ.

"ಇನ್ನ ಮ್ಯಾಲೆ ಬಂದವರನ್ನ ಬಾಗಿಲದಾಗ ನಿಲ್ಲಿಸಿ ಯಾರು ಅಂತ ಕೇಳೂದ" ಎಂದ ಬರಮಪ್ಪ.

"ಬ್ಯಾಡ್ರಿ. ಸ್ವಾಮಿ ಮಾತು ಮೀರಬಾರದು" ಎಂದಳು ನೀಲವ್ವ.

"ಸ್ವಾಮಿ ಮಾತು ಹೊಟ್ಟಿ ತುಂಬಸ್ತೈತೇನು?"

"ಹೌದ್ರಿ, ಇಷ್ಟು ದಿನ ಅದೇ ತುಂಬಿಸೇತಿ."

ಬರಮಪ್ಪ ಕೇಳಲಿಲ್ಲ. ಮರುದಿನ ಬಾಗಿಲಲ್ಲಿ ಕೋಲು ಹಿಡಿದು ಕುಳಿತ. ಬಿಸಿಲಿನಲ್ಲಿ ಒಬ್ಬ ಮುದುಕಿ ನಡೆದುಕೊಂಡು ಬಂದಳು.

"ಯಾರು ನೀನು? ಯಾವೂರು? ಯಾಕ ಬಂದಿ?"

ಮುದುಕಿ ಅವನನ್ನೇ ನೋಡಿದಳು. "ನೀರು ಕೇಳಾಕ ಬಂದಿದ್ದೆನಪಾ. ಹಿಂಗ ಕೇಳಿದ ಮ್ಯಾಲೆ ಆ ನೀರು ಗಂಟಲದಾಗ ಇಳಿಯೂದಿಲ್ಲ" ಎಂದು ತಿರುಗಿ ಹೊರಟಳು.

ನೀಲವ್ವ ಒಳಗಿನಿಂದ ಕೇಳಿಸಿಕೊಂಡವಳು ಚೆಂಬು ಹಿಡಿದು ಬರಿಗಾಲಲ್ಲೇ ಓಡಿದಳು. "ಅಜ್ಜೀ, ನಿಲ್ಲಬೇ, ನಿಲ್ಲು!" ಎಂದು ಕಾಲು ಹಿಡಿದು, ಹೊಲದ ಬದುವಿನ ಮೇಲೆ ಕೂರಿಸಿ ನೀರು ಕುಡಿಸಿದಳು. ಮುದುಕಿ ಕುಡಿದಳು, ಹರಸಿದಳು, ಆದರೆ ಮನೆಗೆ ಬರಲಿಲ್ಲ. ಬರಮಪ್ಪ ಆ ದಿನ ಊಟ ಮಾಡಲಿಲ್ಲ. ಕೋಲನ್ನು ಮೂಲೆಗೆ ಇಟ್ಟುಬಿಟ್ಟ.

ನೀಲವ್ವ ಅಂಗಳದಲ್ಲಿ ಕುಳಿತು ಕಣ್ಣೊರೆಸಿಕೊಂಡಳು. ನಾಯಿ ಹತ್ತಿರ ಬಂತು.

"ಅವ್ವಾ, ಕೇಳಿದ್ರ ಪಾಪ, ಕೇಳದಿದ್ರ ಹಸಿವು. ಹಿಂಗ ಅಲ್ಲೇನು?"

"ಹಿಂಗ ನೋಡಪಾ."

"ನಾನೂ ತಪ್ಪು ಮಾಡೀನಿ. ಮನಿ ಬಿಟ್ಟು ರೊಟ್ಟಿ ಹಿಂದ ಬಂದೆ."

"ನಿನಗ ಯಾರಾದ್ರೂ ಮನಿ ಕಾಯಿ ಅಂತ ಹೇಳಿದ್ರೇನು? ಸುಮ್ನಿರು" ಎಂದು ನೀಲವ್ವ ಅದರ ತಲೆ ಸವರಿದಳು.

ನಾಯಿಗೆ ಸುಮ್ಮನಿರಲು ಆಗಲಿಲ್ಲ. ಅದು ನೇರ ಗುಡ್ಡ ಹತ್ತಿತು. ಈ ಸಲ ದಾರಿಯಲ್ಲಿ ಏನನ್ನೂ ಮೂಸಲಿಲ್ಲ.

"ಎಪ್ಪಾ, ಬಂದವರನ್ನ ಯಾರು ಅಂತ ಕೇಳಬಾರದು ಅಂತ ಮನುಷ್ಯರಿಗೆ ಹೇಳಿಯಲ್ಲ, ನನಗೂ ಹೇಳಿಯೇನು?"

ಸ್ವಾಮಿ ಸ್ವಲ್ಪ ಯೋಚಿಸಿದ. "ಇಲ್ಲ. ಹಂಚೋ ಹೊತ್ತಿಗೆ ನೀ ಇರಲೇ ಇಲ್ಲ. ನಿನಗ ನಾ ಏನೂ ಹೇಳಿಲ್ಲ."

"ಹಂಗಾದ್ರ ಅವರ ಪರವಾಗಿ ನಾ ಕೇಳಬಹುದಲ್ಲ?"

ಭಕ್ತರು ಬೇಡಿದ್ದನ್ನು ಕೊಡುವವನು ಸ್ವಾಮಿ. ಆದರೆ ಯಾರೂ ಇಂಥದ್ದನ್ನು ಬೇಡಿರಲಿಲ್ಲ. ಹೊಲ ಬೇಡಿದ್ದರು, ಮಕ್ಕಳನ್ನು ಬೇಡಿದ್ದರು, ಮಳೆ ಬೇಡಿದ್ದರು. ಬೇರೆಯವರ ಸಂಕಟವನ್ನು ತನ್ನ ಕೆಲಸ ಮಾಡಿಕೊಡು ಎಂದು ಬೇಡಿದ್ದು ಇದೇ ಮೊದಲು. ಸ್ವಾಮಿ ನಾಯಿಯನ್ನು ಹತ್ತಿರ ಕರೆದು ಅದರ ಗಂಟಲು ಮುಟ್ಟಿದ, ಮೂಗು ಮುಟ್ಟಿದ.

"ಕೇಳು. ಆದ್ರ ಮೂರು ಮಾತು ನೆನಪಿಡು. ಕೇಳೂದಾದ್ರ ಎಲ್ಲಾರನ್ನೂ ಕೇಳಬೇಕು. ರೇಷ್ಮಿ ಉಟ್ಟವರನ್ನೂ, ಚಿಂದಿ ಉಟ್ಟವರನ್ನೂ, ನಾನೇ ಬಂದ್ರೂ ಸೈತ. ಎಲ್ಲಾರನ್ನೂ ಕೇಳಿದ್ರ ಯಾರಿಗೂ ಅವಮಾನ ಆಗೂದಿಲ್ಲ. ಮನಿಯವರು ಹೊರಗ ಬಂದು 'ಬರ್ರಿ' ಅಂದ ಕೂಡ್ಲೇ ಬಾಯಿ ಮುಚ್ಚಬೇಕು. ಆಮ್ಯಾಲೆ ಬಂದವರ ಬಾಯಿ ನೋಡಬ್ಯಾಡ, ಕಾಲು ಮೂಸು. ಬಾಯಿ ಹೋಗದ ಊರಿನ ಹೆಸರೂ ಹೇಳ್ತೈತಿ. ಕಾಲು ಹೋದ ದಾರೀನಷ್ಟ ಹೇಳ್ತೈತಿ."

ನಾಯಿ ಮನೆಗೆ ಬಂದು ಬೇಲಿಯ ಬಳಿ ಕುಳಿತಿತು. ಮೊದಲು ಬಂದವನು ಬರಮಪ್ಪನೇ, ಹೊಲದಿಂದ.

ನಾಯಿ ಬಾಯಿ ತೆರೆಯಿತು. ಲೋಕದ ಮೊದಲ ಬೊಗಳಿಕೆ ಅದು! ಕೋಳಿ ಗೋಡೆಯಿಂದ ಕೆಳಗೆ ಬಿತ್ತು. ಬೆಕ್ಕು ಮರ ಹತ್ತಿತು. ಬರಮಪ್ಪನ ತಲೆಯ ಮೇಲಿನ ಹುಲ್ಲಿನ ಹೊರೆ ಅಂಗಳದಲ್ಲಿ ಚೆಲ್ಲಾಪಿಲ್ಲಿ.

"ಲೇ, ನಾನೋ! ಮನಿ ಯಜಮಾನ!"

"ಎಲ್ಲಾರನ್ನೂ ಕೇಳಬೇಕಂತ, ಯಜಮಾನ್ರ" ಎಂದು ನಾಯಿ ಬಾಲ ಅಲ್ಲಾಡಿಸಿತು.

ನೀಲವ್ವ ಬಾಗಿಲಿಗೆ ಬಂದು, ನಗು ತಡೆದುಕೊಂಡು, "ಬರ್ರಿ ಒಳಗ" ಎಂದಳು. ನಾಯಿ ಬಾಯಿ ಮುಚ್ಚಿ ಬರಮಪ್ಪನ ಕಾಲು ಮೂಸಿತು. ಕಪ್ಪು ಮಣ್ಣು, ಸಗಣಿ, ಬೇವಿನ ಹೂವು. ಸರಿ, ಯಜಮಾನನೇ.

ನಾಲ್ಕು ದಿನ ನಾಯಿ ಹಾಗೇ ಕೇಳಿತು. ನೆರೆಮನೆಯವರು ಬಂದರೂ ಕೇಳಿತು, ಸ್ವಾಮಿಯ ಹೆಸರಿನಲ್ಲಿ ಭಿಕ್ಷೆ ಬೇಡುವ ಗೊರವಯ್ಯ ಬಂದರೂ ಕೇಳಿತು. ಯಾರಾದರೂ ಮುಖ ಸಣ್ಣದು ಮಾಡಿದರೆ ನೀಲವ್ವ ಹೇಳುತ್ತಿದ್ದಳು: "ಬರ್ರಿ, ಬರ್ರಿ. ಅದು ಎಲ್ಲಾರನ್ನೂ ಕೇಳ್ತೈತಿ, ನಿಮ್ಮನ್ನಷ್ಟ ಅಲ್ಲ." ಬಂದವರು ನಕ್ಕು ಒಳಗೆ ಬರುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ, ಬೆಲ್ಲ ಹೊಗಳಿದ್ದ ಆ ಮನುಷ್ಯ ಮತ್ತೆ ಬಂದ. ನಾಯಿ ಎಂದಿನಂತೆ ಬೊಗಳಿತು. ನೀಲವ್ವ ಹೊರಗೆ ಬಂದು "ಬರ್ರಿ" ಎಂದಳು. ನಾಯಿ ಸುಮ್ಮನಾಯಿತು. ಅವಳು ನೀರು ಕೊಟ್ಟಳು, ಬೆಲ್ಲ ಕೊಟ್ಟಳು.

"ನಿಮ್ಮ ಕಾಳು ಕಳುವಾತಂತ? ಕೇಳಿ ಹೊಟ್ಟಿ ಉರೀತು ಯವ್ವಾ. ಅವತ್ತು ಹೋದವ ಈ ಕಡೆ ತಲಿ ಹಾಕಿಲ್ಲ ನಾನು. ಉಳಿದದ್ದನ್ನ ಎಲ್ಲಿ ಮುಚ್ಚಿಟ್ಟೀರಿ? ಜೋಪಾನ ಇರ್ಲಿ ಅಂತ ಕೇಳಿದೆ" ಎಂದು ಅವನು ಲೊಚಗುಟ್ಟಿದ.

ನಾಯಿ ಅವನ ಕಾಲಿನ ಹತ್ತಿರ ಬಂತು. ಮೂಸಿತು. ಮತ್ತೆ ಮೂಸಿತು. ಅವನ ಹಿಮ್ಮಡಿ ಬೇಸಿಗೆಯ ಹೊಲದಂತೆ ಒಡೆದಿತ್ತು. ಮೂಗನ್ನು ಆ ಒಡಕಿಗೇ ಇಟ್ಟು ನಿಂತುಬಿಟ್ಟಿತು.

"ಅವ್ವಾ, ಇವರ ಬಾಯಿ ಈ ಕಡೆ ಬಂದಿಲ್ಲ ಅಂತೈತಿ. ಇವರ ಹಿಮ್ಮಡಿ ನಮ್ಮ ಹಗೇವು ಇಳಿದೀನಿ ಅಂತೈತಿ."

ಮನುಷ್ಯ ಕಾಲು ಹಿಂದಕ್ಕೆ ಎಳೆದುಕೊಂಡ. "ನಾಯಿ ಮಾತು ಕೇಳಿ ಅತಿಥಿಗೆ ಅವಮಾನ ಮಾಡ್ತೀರೇನು?"

ನೀಲವ್ವ ಅವನ ಕೈಯಲ್ಲಿದ್ದ ಚೆಂಬು ನೋಡಿದಳು. ಬರಿದಾಗಿತ್ತು.

"ನೀರು ಕುಡಿದು ಆತಲ್ಲ ಅಣ್ಣಾ. ಸ್ವಾಮಿ ಬ್ಯಾಡ ಅಂದದ್ದು ಕುಡಿಯೂಕಿಂತ ಮುಂಚೆ ಕೇಳೂದನ್ನ. ಈಗ ಕೇಳ್ತೀನಿ. ಯಾರು ನೀನು? ಕಾಲು ತೋರಿಸು."

ಎಷ್ಟು ಸರಳವಾದ ಮಾತು, ಮಕ್ಕಳೇ! ಇಷ್ಟು ದಿನ ಅವರು ಮರೆತದ್ದು ಇದನ್ನೇ.

ಅವನು ಎದ್ದು ಓಡಲು ನೋಡಿದ. ನಾಯಿ ಕಚ್ಚಲಿಲ್ಲ. ಧೋತರದ ಅಂಚು ಹಿಡಿದು ನೆಲಕ್ಕೆ ಕೂತುಬಿಟ್ಟಿತು. ಧೋತರ ಬಿಟ್ಟು ಓಡಲು ಅವನಿಗೆ ನಾಚಿಕೆ, ನಿಲ್ಲಲು ಭಯ. ಅಷ್ಟರಲ್ಲಿ ಬರಮಪ್ಪ ಬಂದು ಅವನ ಕಾಲೆತ್ತಿ ನೋಡಿದ. ಒಡಕಿನಲ್ಲಿ ಸಣ್ಣ ಕೆಂಪು ಗೆರೆ. ಬೂದಿ ಬೆರೆತ ಕೆಮ್ಮಣ್ಣು. ಎಷ್ಟು ಸಲ ಹೊಳೆಯಲ್ಲಿ ಮಿಂದರೂ ಅದು ಹೋಗಿರಲಿಲ್ಲ.

ಬರಮಪ್ಪ ಕೋಲು ತರಲು ಹೊರಟ. ನೀಲವ್ವ ಅಡ್ಡ ನಿಂತಳು. "ನಮ್ಮ ನೀರು ಕುಡಿದಾನ್ರಿ. ಹೊಡೀಬ್ಯಾಡ್ರಿ. ತಗೊಂಡಿದ್ದು ತಂದಿಡಲಿ."

ಮನುಷ್ಯ ತಲೆ ತಗ್ಗಿಸಿದ. ಗುಡ್ಡದ ಆಚೆಯ ಗವಿಯಲ್ಲಿ ಕಾಳು ಬಚ್ಚಿಟ್ಟಿದ್ದ. ಮರುದಿನ ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಚೀಲವನ್ನು ತಲೆಯ ಮೇಲೆ ಹೊತ್ತು ತಂದ. ಅವನು ಮುಂದೆ, ನಾಯಿ ಹಿಂದೆ. ಕೊನೆಯ ಚೀಲ ಇಳಿಸಿದ ಸಂಜೆ ಗಾಳಿ ಮೋಡಗಳನ್ನು ಹೊಡೆದುಕೊಂಡು ಬಂತು. ಮರುದಿನ ಮಳೆ. ಅದರ ಮರುದಿನ ಏಳೂ ಮನೆಯವರು ಬಿತ್ತಿದರು.

ಅಂದಿನಿಂದ ನಾಯಿ ತನ್ನ ಕೆಲಸ ಬಿಟ್ಟಿಲ್ಲ. ಕಾಲ ಹಳೆಯದಾಯಿತು, ಅದರ ಮಾತು ನಮಗೆ ತಿಳಿಯದಾಯಿತು, ಆದರೆ ಸ್ವಾಮಿಯ ಮೂರು ಮಾತು ಅದಕ್ಕೆ ನೆನಪಿದೆ. ಅದಕ್ಕೇ ವಾರಕ್ಕೊಮ್ಮೆ ಬರುವ ಸೋದರಮಾವನನ್ನೂ, ಕಾಗದ ತರುವ ಪೋಸ್ಟಿನವನನ್ನೂ, ಹಾಲು ಹಾಕುವ ಅಕ್ಕನನ್ನೂ ನಿಮ್ಮ ಮನೆಯ ನಾಯಿ ಗೇಟಿನಲ್ಲೇ ಬೊಗಳಿ ಕೇಳುತ್ತದೆ. ನಿಮ್ಮವ್ವ ಹೊರಗೆ ಬಂದು "ಬರ್ರಿ, ಏನೂ ಮಾಡೂದಿಲ್ಲ" ಅಂದ ಕೂಡಲೇ ಬಾಯಿ ಮುಚ್ಚಿ, ಮೆಲ್ಲಗೆ ಬಂದು ಅವರ ಕಾಲು ಮೂಸುತ್ತದೆ.

ಇದನ್ನು ಕೇಳಿದ ನಿಮಗೆಲ್ಲ ಮೈಲಾರಲಿಂಗಸ್ವಾಮಿ ಒಳ್ಳೆಯದು ಮಾಡಲಿ. ನಿಮ್ಮ ಮನೆಗೆ ಬಂದವರು ದಣಿವಾರಿಸಿಕೊಂಡು ಹೋಗಲಿ, ನಿಮ್ಮ ಮನೆಯಲ್ಲಿದ್ದದ್ದು ನಿಮ್ಮಲ್ಲೇ ಉಳಿಯಲಿ, ಬಾಗಿಲು ಕಾಯುವ ಮೂಕಜೀವಕ್ಕೂ ಹೊಟ್ಟೆ ತುಂಬಲಿ.